ಪರಿಣಾಮ, ಫಲ, ಗಾಚಾರ: ಯಾವುದು ಯಾರ ಪಾಲಿಗೆ?

"ಪರಿಣಾಮ ನೆಟ್ಟಗಿರೋದಿಲ್ಲ" ಅನ್ನುವ ಮಾತನ್ನು ನೀವೂ ಕೇಳಿರುತ್ತೀರಿ. ಸಿನಿಮಾದ ಖಳನಾಯಕ ಹೇಳುತ್ತಾನೆ. ಬದು ಒತ್ತಿದ್ದಕ್ಕೆ ಜಗಳಕ್ಕೆ ನಿಂತ ಪಕ್ಕದ ಜಮೀನಿನವನು ಹೇಳುತ್ತಾನೆ. ಮಂಡ್ಯದ ಬಸ್ ಸ್ಟ್ಯಾಂಡಿನಲ್ಲಿ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿದವನು, ಆ ಟವೆಲ್ಲನ್ನು ಪಕ್ಕಕ್ಕಿಟ್ಟು ಆರಾಮಾಗಿ ಕೂತವನಿಗೆ ಇದನ್ನೇ ಹೇಳುತ್ತಾನೆ. ಏನು ಪರಿಣಾಮ ಅಂತ ಮಾತ್ರ ಯಾರೂ ಬಿಡಿಸಿ ಹೇಳುವುದಿಲ್ಲ. ಬಿಡಿಸಿ ಹೇಳಿದರೆ ಬೆದರಿಕೆಯ ಬಿಸಿಯೇ ಹೋಗಿಬಿಡುತ್ತದೆ.

ಹೀಗೆ ಬೈಗುಳಗಳ ಜೊತೆ ಓಡಾಡಿ ಓಡಾಡಿ ಪರಿಣಾಮ ಅಂದರೇ ಕೆಟ್ಟದ್ದು ಅನ್ನುವ ಹಾಗಾಗಿದೆ. ಆದರೆ ಆ ಪದದ ಒಳಗೆ ಕೆಟ್ಟದ್ದು ಏನೂ ಇಲ್ಲ. ಇದ್ದಿದ್ದರೆ 'ದುಷ್ಪರಿಣಾಮ' ಅಂತ ಇನ್ನೊಂದು ಪದ ಯಾಕೆ ಬೇಕಿತ್ತು? "ನಿಮ್ಮ ಭಾಷಣ ಪರಿಣಾಮಕಾರಿಯಾಗಿತ್ತು" ಅಂದರೆ ಭಾಷಣ ಮಾಡಿದವರು ಖುಷಿಪಡುತ್ತಾರೆ, ಜಗಳಕ್ಕೆ ಬರುವುದಿಲ್ಲ ಅಲ್ವಾ?

ಮಾಡಿದ ಕೆಲಸಕ್ಕೂ ಆಮೇಲೆ ಆಗುವುದಕ್ಕೂ ಇರುವ ನಂಟನ್ನು ಹೇಳಲು ಕನ್ನಡದಲ್ಲಿ ಪದಗಳ ಒಂದು ಹಿಂಡೇ ಇದೆ. ಪರಿಣಾಮ, ಫಲ, ವಿಪಾಕ, ಕರ್ಮ, ಗಾಚಾರ, ಶಾಪ. ನಿಘಂಟು ತೆಗೆದರೆ ಒಂದಕ್ಕೆ ಇನ್ನೊಂದನ್ನೇ ಅರ್ಥವಾಗಿ ಕೊಟ್ಟಿರುತ್ತಾರೆ. ಮಾತಿನಲ್ಲಿ ಮಾತ್ರ ಒಂದು ಕೂರುವ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ. ಯಾಕೆ ಅಂತ ಗೊತ್ತಾಗಬೇಕಾದರೆ ಒಂದು ಪ್ರಶ್ನೆ ಹಾಕಿಕೊಂಡರೆ ಸಾಕು. ಆದದ್ದು ಯಾರಿಗೆ ಆಯಿತು? ಮಾಡಿದವನಿಗೇ ವಾಪಸ್ ಬಂತಾ, ಸಂಬಂಧವೇ ಇಲ್ಲದವರ ಮೇಲೆ ಬಿತ್ತಾ, ಇಲ್ಲ ಯಾರು ಮಾಡಿದರು ಅನ್ನುವುದೇ ಲೆಕ್ಕಕ್ಕಿಲ್ಲವಾ? ಈ ಪದಗಳೆಲ್ಲ ಬೇರೆ ಬೇರೆಯಾಗುವುದು ಇಲ್ಲೇ.

ಮೊದಲು ಪರಿಣಾಮವನ್ನೇ ಬಿಡಿಸೋಣ. ಇದು ಸಂಸ್ಕೃತದಿಂದ ಬಂದದ್ದು. ಒಳಗೆ ಇರುವುದು 'ನಮ್' ಅನ್ನುವ ಧಾತು, ಅಂದರೆ ಬಾಗು, ಮಣಿ. ನಮಸ್ಕಾರ, ಪ್ರಣಾಮ, ನಮ್ರ, ಎಲ್ಲ ಇದೇ ಮನೆಯವು. ಅದಕ್ಕೆ 'ಪರಿ' ಸೇರಿದಾಗ ಒಂದು ಸ್ಥಿತಿಯಿಂದ ಇನ್ನೊಂದಕ್ಕೆ ಪೂರ್ತಿಯಾಗಿ ತಿರುಗಿಕೊಳ್ಳುವುದು ಅನ್ನುವ ಅರ್ಥ ಬಂತು. ಬಾಗುವುದೇ ಅದರ ಹುಟ್ಟುಗುಣ ಅಂದಮೇಲೆ ಪರಿಣಾಮ ನೆಟ್ಟಗಿರೋದಿಲ್ಲ ಅನ್ನುವುದು ವ್ಯಾಕರಣದ ಪ್ರಕಾರವೂ ಸರಿಯೇ. ಖಳನಾಯಕನಿಗೆ ಇದು ಗೊತ್ತಿರಲಿಕ್ಕಿಲ್ಲ ಬಿಡಿ.

ಬದಲಾಗುವುದು ಅನ್ನುವ ಅರ್ಥದಿಂದ ಇನ್ನೂ ಕೆಲವು ಅರ್ಥಗಳು ಹೊರಟವು. ಕಾಯಿ ಹಣ್ಣಾಗುವುದು ಪರಿಣಾಮ. ವಯಸ್ಸಾಗುವುದು ಪರಿಣಾಮ. ಉಂಡದ್ದು ಹೊಟ್ಟೆಯಲ್ಲಿ ಅರಗುವುದೂ ಪರಿಣಾಮ. ಆಯುರ್ವೇದದಲ್ಲಿ ಪರಿಣಾಮಶೂಲ ಅಂತ ಒಂದು ಕಾಯಿಲೆ ಇದೆ, ಊಟ ಅರಗುವ ಹೊತ್ತಿಗೆ ಬರುವ ಹೊಟ್ಟೆನೋವು ಅದು. ಅದೇ ಆಯುರ್ವೇದದ ಚರಕಸಂಹಿತೆಯಲ್ಲಿ ಇನ್ನೊಂದು ತಮಾಷೆ ಇದೆ. ಕಾಯಿಲೆ ಬರಲು ಮೂರು ಕಾರಣ ಅಂತ ಅಲ್ಲಿ ಹೇಳಿದ್ದಾರೆ. ಕಣ್ಣು, ಕಿವಿ, ನಾಲಗೆಯನ್ನು ಹೇಗೆ ಬಳಸಬಾರದೋ ಹಾಗೆ ಬಳಸುವುದು ಒಂದು. ಗೊತ್ತಿದ್ದೂ ತಪ್ಪು ಮಾಡುವುದು, ಅಂದರೆ ಪ್ರಜ್ಞಾಪರಾಧ, ಇನ್ನೊಂದು. ಮೂರನೆಯದರ ಹೆಸರೇ ಪರಿಣಾಮ! ಅಲ್ಲಿ ಅದಕ್ಕೆ ಕಾಲ ಅಂತ ಅರ್ಥ, ಋತು ಏರುಪೇರಾಗುವುದು, ವಯಸ್ಸು ಉರುಳುವುದು ಎಲ್ಲ ಅದರಲ್ಲಿ ಸೇರಿದೆ. ನಾವು ಯಾವುದನ್ನು ಕೊನೆಯಲ್ಲಿ ಇಡುತ್ತೇವೋ ಅದನ್ನು ಅವರು ಕಾರಣಗಳ ಸಾಲಿನಲ್ಲಿ ಕೂರಿಸಿದ್ದಾರೆ.

ಭಗವದ್ಗೀತೆಯ ಹದಿನೆಂಟನೆಯ ಅಧ್ಯಾಯದಲ್ಲಿ ಸುಖದ ಬಗೆಗಳನ್ನು ಹೇಳುವಾಗ ಈ ಪದ ಅಕ್ಕಪಕ್ಕದ ಎರಡು ಶ್ಲೋಕಗಳಲ್ಲಿ ಬರುತ್ತದೆ. ಒಂದು ಸುಖ ಮೊದಲು ವಿಷದ ಹಾಗೆ, 'ಪರಿಣಾಮೇ' ಅಮೃತದ ಹಾಗೆ. ಇನ್ನೊಂದು ಮೊದಲು ಅಮೃತ, 'ಪರಿಣಾಮೇ' ವಿಷ. ಇದನ್ನು 'ಕೊನೆಯಲ್ಲಿ' ಅಂತ ಅರ್ಥ ಮಾಡುವುದು ವಾಡಿಕೆ, ತಪ್ಪೇನಿಲ್ಲ. ಆದರೆ ಅರಗುವುದು ಅನ್ನುವ ಹಳೆಯ ಅರ್ಥವನ್ನೂ ಜೊತೆಗೆ ಇಟ್ಟುಕೊಂಡು ಓದಿದರೆ ಸಾಲು ಎಷ್ಟು ಚುರುಕಾಗುತ್ತದೆ ನೋಡಿ. ನಾಲಗೆ ಮೇಲೆ ಒಂದು ರುಚಿ, ಹೊಟ್ಟೆಗೆ ಇಳಿದಮೇಲೆ ಇನ್ನೊಂದು. ಅಮೃತ, ವಿಷ ಎರಡೂ ಒಳಗೆ ಇಳಿಯುವ ವಸ್ತುಗಳೇ ಆದ್ದರಿಂದ ಮಾತು ಎಲ್ಲೂ ಜಾರುವುದಿಲ್ಲ.

ತತ್ವಶಾಸ್ತ್ರದವರು ಈ ಪದದ ಮೇಲೆ ದೊಡ್ಡ ಜಗಳವನ್ನೇ ಆಡಿದ್ದಾರೆ. ಸಾಂಖ್ಯ ಅನ್ನುವ ಹಳೆಯ ದರ್ಶನದವರ ಪರಿಣಾಮವಾದಕ್ಕೆ ಎಲ್ಲರೂ ಕೊಡುವ ಉದಾಹರಣೆ ಹಾಲು ಮೊಸರಾಗುವುದು. ಮೊಸರು ಹೊರಗಿನಿಂದ ಬಂದದ್ದಲ್ಲ, ಹಾಲೇ ಹಾಗಾಯಿತು. ಕಾರ್ಯ ಕಾರಣದೊಳಗೆ ಮೊದಲೇ ಇತ್ತು, ಈಗ ಹೊರಗೆ ಬಂತು ಅಷ್ಟೆ. ಶಂಕರರ ಅದ್ವೈತ ಇದನ್ನು ಒಪ್ಪಲಿಲ್ಲ. ಹಗ್ಗ ಹಾವಿನ ಹಾಗೆ ಕಂಡಿತು, ಹಗ್ಗವೇನೂ ಹಾವಾಗಲಿಲ್ಲ ಅನ್ನುವುದು ಅವರ ಕಡೆಯ ಮಾತು. ಅದಕ್ಕೆ ವಿವರ್ತ ಅಂತ ಹೆಸರು. ನಮ್ಮ ಮೇಲುಕೋಟೆಯಲ್ಲಿ ವರ್ಷಗಟ್ಟಲೆ ಇದ್ದ ರಾಮಾನುಜರು ಮಾತ್ರ ಬದಲಾವಣೆ ನಿಜ ಅಂದರು. ಜಗತ್ತು ಬ್ರಹ್ಮದ ದೇಹ ಇದ್ದ ಹಾಗೆ, ಬದಲಾಗುವುದು ದೇಹ, ಒಳಗಿರುವ ಬ್ರಹ್ಮಕ್ಕೆ ಕುಂದಿಲ್ಲ ಅಂತ ಅವರ ವಾದ. ಈ ಜಗಳದಲ್ಲಿ ಯಾರು ಗೆದ್ದರು ಅನ್ನುವುದು ನಮಗೆ ಬೇಡ. ಪದ ಹೇಗಿದೆ ಅನ್ನುವುದಷ್ಟೇ ಬೇಕು. ಇಲ್ಲಿ ಪರಿಣಾಮಕ್ಕೆ ಶಿಕ್ಷೆಯ ಸೋಂಕೇ ಇಲ್ಲ. ಮೊಸರಾದದ್ದು ಹಾಲಿಗೆ ಬಿದ್ದ ದಂಡ ಅಂತ ಯಾರೂ ಹೇಳುವುದಿಲ್ಲ.

ಕಾವ್ಯದ ಲಕ್ಷಣ ಬರೆದವರೂ ಈ ಪದವನ್ನು ಬಿಡಲಿಲ್ಲ. ಪರಿಣಾಮ ಅನ್ನುವ ಹೆಸರಿನ ಒಂದು ಅಲಂಕಾರವೇ ಇದೆ. ಶಾಲೆಯಲ್ಲಿ ನಮಗೆ ಉಪಮೆ, ರೂಪಕ, ದೃಷ್ಟಾಂತ ಹೇಳಿಕೊಟ್ಟು ಕೈತೊಳೆದುಕೊಳ್ಳುತ್ತಾರೆ, ಇದು ಬರುವುದೇ ಇಲ್ಲ. ಅಪ್ಪಯ್ಯ ದೀಕ್ಷಿತರ ಕುವಲಯಾನಂದದಲ್ಲಿ ಇದಕ್ಕೆ ಕೊಟ್ಟಿರುವ ಉದಾಹರಣೆಯ ತಿರುಳು ಇಷ್ಟು: ಅವಳು ಕಣ್ಣೆಂಬ ಕಮಲದಿಂದ ನೋಡಿದಳು. ಸುಮ್ನೆ ರೂಪಕ ಅಂತ ಬಿಟ್ಟುಬಿಡಬಹುದಿತ್ತು. ಆದರೆ ಕಮಲಕ್ಕೆ ನೋಡಲು ಬರುವುದಿಲ್ಲವಲ್ಲ! ನೋಡುವ ಕೆಲಸ ಆಗಬೇಕಾದರೆ ಕಮಲ ಕಣ್ಣಾಗಿ ಬದಲಾಗಲೇಬೇಕು. ಹೋಲಿಕೆಗೆ ಅಂತ ಕರೆದುಕೊಂಡು ಬಂದ ವಸ್ತು, ಕೈಲಿರುವ ಕೆಲಸಕ್ಕಾಗಿ ತನ್ನ ರೂಪ ಬಿಟ್ಟುಕೊಟ್ಟರೆ ಅದು ಪರಿಣಾಮ. ನನಗೆ ಇದು ತುಂಬ ಇಷ್ಟ, ಯಾಕೆಂದರೆ ಪದದ ಮೂಲ ಅರ್ಥಕ್ಕೆ ಇಷ್ಟು ಹತ್ತಿರ ಇರುವ ಬಳಕೆ ಬೇರೆ ಇಲ್ಲ.

ಕನ್ನಡಕ್ಕೆ ಬಂದರೆ ಇನ್ನೊಂದು ಆಶ್ಚರ್ಯ ಕಾದಿರುತ್ತದೆ. ಹನ್ನೆರಡನೆಯ ಶತಮಾನದ ವಚನಗಳಲ್ಲಿ 'ಪರಿಣಾಮ' ಅಂದರೆ ತೃಪ್ತಿ, ನೆಮ್ಮದಿ, ಆನಂದ. 'ಪರಿಣಾಮಿ' ಅಂದರೆ ತೃಪ್ತನಾದವನು. ಇವತ್ತಿನ ಅರ್ಥವನ್ನು ತಲೆಯಲ್ಲಿ ಇಟ್ಟುಕೊಂಡು ವಚನ ಓದುವವರು ಇಲ್ಲಿ ಎಡವುತ್ತಾರೆ, ಏನೋ ಅನಾಹುತದ ಸೂಚನೆ ಅಂದುಕೊಳ್ಳುತ್ತಾರೆ. ಶರಣ ಹೇಳುತ್ತಿರುವುದು ತನಗೆ ತುಂಬಿಬಂದ ಸಮಾಧಾನದ ಬಗ್ಗೆ. ಅರಗುವುದು ಅನ್ನುವ ಅರ್ಥದಿಂದಲೇ ಇದು ಬೆಳೆದಿರಬೇಕು ಅಂತ ನನ್ನ ಊಹೆ. ಉಂಡದ್ದು ಮೈಗೆ ಹತ್ತಿದವನ ಮುಖದಲ್ಲಿ ಇರುವ ಕಳೆ ಇದೆಯಲ್ಲ, ಅದು.

ಜೈನರ ಬಳಕೆ ಇನ್ನೂ ಬೇರೆ. ಅವರಲ್ಲಿ ಪರಿಣಾಮ ಅಂದರೆ ಮನಸ್ಸಿನ ಸ್ಥಿತಿ, ಭಾವ. ಶುಭ ಪರಿಣಾಮ, ಅಶುಭ ಪರಿಣಾಮ ಅಂತ ಅವರು ಹೇಳುವುದು ಕೆಲಸ ಆದಮೇಲೆ ಬರುವುದನ್ನು ಕುರಿತಲ್ಲ, ಮಾಡುವ ಹೊತ್ತಿಗೆ ಒಳಗೆ ಏನಿತ್ತು ಅನ್ನುವುದನ್ನು ಕುರಿತು. ಇದನ್ನು ಕತೆಯಾಗಿ ನೋಡಬೇಕು ಅಂದರೆ ಜನ್ನನ ಯಶೋಧರ ಚರಿತೆಗೆ ಹೋಗಬೇಕು. 1209ರದ್ದು ಅದು. ಜನ್ನ ಹೊಯ್ಸಳ ವೀರಬಲ್ಲಾಳನ ಆಸ್ಥಾನದಲ್ಲಿ ಕವಿಚಕ್ರವರ್ತಿ ಅನ್ನಿಸಿಕೊಂಡವನು. ಕನ್ನಡದಲ್ಲಿ 'ಮಾಡಿದ್ದಕ್ಕೆ ಏನಾಗುತ್ತದೆ' ಅನ್ನುವ ವಿಷಯವನ್ನು ಇಷ್ಟು ಹಟ ಹಿಡಿದು ಬೆನ್ನಟ್ಟಿದ ಕಾವ್ಯ ಇನ್ನೊಂದಿಲ್ಲ ಅನ್ನುವುದು ನನ್ನ ಅಭಿಪ್ರಾಯ.

ಕತೆ ಗೊತ್ತಿಲ್ಲದವರಿಗೆ ಚಿಕ್ಕದಾಗಿ ಹೇಳುತ್ತೇನೆ. ಯಶೋಧರ ಅನ್ನುವ ರಾಜ. ಅವನ ರಾಣಿ ಅಮೃತಮತಿ ರಾತ್ರಿ ಒಬ್ಬ ಮಾವುತನ ಹಾಡು ಕೇಳಿ ಅವನಿಗೆ ಮನಸೋಲುತ್ತಾಳೆ. ಮಾವುತ ನೋಡಲು ವಿಕಾರ, ಮೈಯೆಲ್ಲ ಸೊಟ್ಟ, ಅಷ್ಟಾವಂಕ ಅಂತಲೇ ಹೆಸರು. ರಾಜನಿಗೆ ವಿಷಯ ಗೊತ್ತಾಗುತ್ತದೆ, ಕತ್ತಿಗೆ ಕೈ ಹೋಗುತ್ತದೆ, ಆದರೆ ಕೊಲ್ಲುವುದಿಲ್ಲ. ಮಾರನೆಯ ದಿನ ತಾಯಿ ಚಂದ್ರಮತಿ ಯಾಕೆ ಹೀಗಿದ್ದೀಯ ಅಂತ ಕೇಳಿದಾಗ ಕೆಟ್ಟ ಕನಸು ಬಿತ್ತು ಅಂತ ಹೇಳಿ ತಪ್ಪಿಸಿಕೊಳ್ಳುತ್ತಾನೆ. ಕನಸಿನ ದೋಷ ಹೋಗಲಿ, ದೇವಿಗೆ ಬಲಿ ಕೊಡು ಅಂತ ತಾಯಿ ಹಿಡಿದುಕೊಳ್ಳುತ್ತಾಳೆ. ಮಗ ಪ್ರಾಣಿ ಕೊಲ್ಲಲಾರ, ತಾಯಿ ಬಲಿ ಬಿಡಲಾರಳು. ಕೊನೆಗೆ ಮಧ್ಯದ ದಾರಿ ಸಿಕ್ಕಿತು: ಹಿಟ್ಟಿನಲ್ಲಿ ಒಂದು ಕೋಳಿ ಮಾಡಿ ಅದನ್ನು ಕಡಿಯುವುದು. ಯಾರಿಗೂ ನೋವಿಲ್ಲ ಅಂದುಕೊಂಡರು. ಆದರೆ ಕಡಿದಾಗ ಆ ಹಿಟ್ಟಿನ ಕೋಳಿ ಕೂಗಿಬಿಟ್ಟಿತು, ಒಳಗೆ ಒಂದು ಬೆಂತರ, ಅಂದರೆ ಪಿಶಾಚಿ, ಸೇರಿಕೊಂಡಿತ್ತು.

ಅಲ್ಲಿಂದ ಶುರು. ರಾಣಿ ವಿಷ ಹಾಕಿ ತಾಯಿ ಮಗ ಇಬ್ಬರನ್ನೂ ಮುಗಿಸುತ್ತಾಳೆ. ಅವರಿಬ್ಬರೂ ನವಿಲು, ನಾಯಿ, ಹಾವು, ಮೀನು, ಮೊಸಳೆ, ಆಡು, ಕೋಣ ಅಂತ ಜನ್ಮದಿಂದ ಜನ್ಮಕ್ಕೆ ಉರುಳುತ್ತಾರೆ, ಕೆಲವು ಜನ್ಮಗಳಲ್ಲಿ ಒಬ್ಬರಿಗೊಬ್ಬರೇ ಶತ್ರು. ಕೊನೆಗೆ ಇಬ್ಬರೂ ಕೋಳಿಗಳಾಗುತ್ತಾರೆ. ಹಿಟ್ಟಿನ ಕೋಳಿ ಕಡಿದವರು ನಿಜವಾದ ಕೋಳಿಗಳಾಗಿ, ಯಶೋಧರನ ಸ್ವಂತ ಮಗನ ಬಾಣಕ್ಕೆ ಸಾಯುತ್ತಾರೆ. ಸತ್ತು ಅದೇ ಮಗನಿಗೆ ಮಕ್ಕಳಾಗಿ ಹುಟ್ಟುತ್ತಾರೆ. ಆ ಅವಳಿ ಮಕ್ಕಳು ಬೆಳೆದು ಮಾರಿದತ್ತ ಅನ್ನುವ ರಾಜನ ಮುಂದೆ ಬಲಿಗೆ ಬಂದು ನಿಂತಾಗ ತಮ್ಮ ಹಳೆಯ ಕತೆಯನ್ನು ಹೇಳುತ್ತಾರೆ. ಕೇಳಿದ ಮಾರಿದತ್ತ ಬಲಿಯನ್ನೇ ಬಿಡುತ್ತಾನೆ.

ಇವತ್ತು ಇದನ್ನು ಓದಿದ ಯಾರಾದರೂ ಕೇಳುವ ಮೊದಲ ಪ್ರಶ್ನೆ: ಒಂದು ಹಿಟ್ಟಿನ ಗೊಂಬೆಗೆ ಇಷ್ಟೊಂದಾ? ತಪ್ಪಿಗೂ ಶಿಕ್ಷೆಗೂ ತಾಳಮೇಳವೇ ಇಲ್ಲವಲ್ಲ! ನ್ಯಾಯಾಲಯದ ಲೆಕ್ಕದಲ್ಲಿ ನೋಡಿದರೆ ನಿಜ, ಇದು ಅನ್ಯಾಯ. ಆದರೆ ಜನ್ನನ ಲೋಕದಲ್ಲಿ ನ್ಯಾಯಾಧೀಶ ಯಾರೂ ಇಲ್ಲ. ಜೈನರ ಕರ್ಮ ಒಂದು ಸೂಕ್ಷ್ಮವಾದ ಧೂಳಿನಂಥ ವಸ್ತು, ಭಾವ ಕೆರಳಿದಾಗ ಅದು ಜೀವಕ್ಕೆ ಅಂಟುತ್ತದೆ, ಕಾಲ ಬಂದಾಗ ಪಕ್ವವಾಗಿ ತನ್ನ ಕೆಲಸ ಮಾಡಿ ಉದುರುತ್ತದೆ. ಆ ಪಕ್ವವಾಗುವುದಕ್ಕೆ 'ವಿಪಾಕ' ಅಂತ ಹೆಸರು. ಅಡುಗೆಮನೆಯ 'ಪಾಕ'ವೇ ಅದು, ಬೇಯುವುದು. ಯಾರೋ ಮೇಲೆ ಕೂತು ಇಷ್ಟು ತಪ್ಪಿಗೆ ಇಷ್ಟು ಜನ್ಮ ಅಂತ ಬರೆದು ಕೊಟ್ಟದ್ದಲ್ಲ. ಕತ್ತಿ ಎತ್ತಿದಾಗ ಯಶೋಧರನ ಒಳಗೆ ಕೊಲ್ಲುವ ಸಂಕಲ್ಪ ಇತ್ತು, ಮುಂದಿದ್ದದ್ದು ಹಿಟ್ಟೋ ಮಾಂಸವೋ ಅನ್ನುವುದು ಆಮೇಲಿನ ಮಾತು. ಜೈನರ ಅರ್ಥದ ಪರಿಣಾಮ, ಅಂದರೆ ಒಳಗಿನ ಭಾವ, ಅಲ್ಲೇ ಕೆಟ್ಟಿತ್ತು. ನಮ್ಮ ಅರ್ಥದ ಪರಿಣಾಮ ಹಿಂದೆಯೇ ಬಂತು. ಗಿರೀಶ ಕಾರ್ನಾಡರು 1980ರಲ್ಲಿ ಇದೇ ಕತೆಯನ್ನು ಹಿಟ್ಟಿನ ಹುಂಜ ಅಂತ ನಾಟಕ ಮಾಡಿದ್ದು ಸುಮ್ನೆ ಅಲ್ಲ. ಮಾಡದೆ ಬಿಟ್ಟ ಕೊಲೆಗೂ ಬೆಲೆ ಇದೆಯಾ ಅನ್ನುವ ಪ್ರಶ್ನೆ ಎಂಟುನೂರು ವರ್ಷ ಆದರೂ ಹಳತಾಗಿಲ್ಲ.

ಇನ್ನು 'ಫಲ'ಕ್ಕೆ ಬರೋಣ. ಇಲ್ಲಿ ಒಂದು ಉಪಾಯ ಹೇಳುತ್ತೇನೆ. ಪದದ ಅರ್ಥ ಸರಿಯಾಗಿ ಸಿಗದಿದ್ದರೆ ಅದರ ಜೊತೆ ಬರುವ ಕ್ರಿಯಾಪದ ನೋಡಿ. ಪರಿಣಾಮ 'ಆಗುತ್ತದೆ', ಇಲ್ಲವೇ ಯಾರದೋ ಮೇಲೆ 'ಬೀರುತ್ತದೆ'. ಬೀರು ಅಂದರೆ ಚೆಲ್ಲು, ಹರಡು. ಯಾರ ಮೇಲೆ ಬೀಳುತ್ತದೆ ಅನ್ನುವ ಖಾತ್ರಿ ಇಲ್ಲ. ಫಲವನ್ನು ಮಾತ್ರ 'ಉಣ್ಣಬೇಕು'. ನನ್ನ ಊಟ ನಾನೇ ಉಣ್ಣಬೇಕು ತಾನೇ? ನನ್ನ ಪರವಾಗಿ ನೀವು ಉಂಡರೆ ನನ್ನ ಹೊಟ್ಟೆ ತುಂಬುವುದಿಲ್ಲ. ಹಾಗಾಗಿ ಫಲ ಅಂದ ಕೂಡಲೇ ಮಾಡಿದವನು, ಉಣ್ಣುವವನು ಇಬ್ಬರೂ ಒಬ್ಬನೇ ಅನ್ನುವುದು ಅದರೊಳಗೇ ಸೇರಿಬಿಟ್ಟಿರುತ್ತದೆ.

ಈ ಅರ್ಥವನ್ನು ನಮ್ಮ ಕಡೆ ಎರಡೇ ಪದದಲ್ಲಿ ಮುಗಿಸುವ ಗಾದೆ 'ಮಾಡಿದ್ದುಣ್ಣೋ ಮಹಾರಾಯ'. ಮೈಸೂರಿನವರಾದ ಎಂ. ಎಸ್. ಪುಟ್ಟಣ್ಣನವರು (1854–1930) ತಮ್ಮ ಕಾದಂಬರಿಗೆ ಇದನ್ನೇ ಹೆಸರಾಗಿ ಇಟ್ಟರು. 1915ರಲ್ಲಿ ಬಂದ ಪುಸ್ತಕ, ಕತೆ ನಡೆಯುವುದು ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಮೈಸೂರು ಸೀಮೆಯಲ್ಲಿ. ಪುರಾಣದ ಹಂಗಿಲ್ಲದೆ ಮನೆಮಠದ ಬದುಕನ್ನು ಬರೆದ ಕನ್ನಡದ ಮೊದಮೊದಲ ಕಾದಂಬರಿಗಳಲ್ಲಿ ಇದೂ ಒಂದು. ಹೆಸರನ್ನು ನೋಡಿ: 'ಪಾಪದ ಪರಿಣಾಮ' ಅಂತಲೋ 'ಕರ್ಮವಿಪಾಕ' ಅಂತಲೋ ಇಡಬಹುದಿತ್ತು, ಆ ಕಾಲದ ಪಂಡಿತರಿಗೆ ಅದೇ ಹಿತವಾಗಿರುತ್ತಿತ್ತು. ಪುಟ್ಟಣ್ಣನವರು ಬೀದಿಯ ಮಾತನ್ನು ತೆಗೆದುಕೊಂಡರು. ಅದರಲ್ಲಿ 'ಮಹಾರಾಯ' ಅನ್ನುವ ಪದದ ಕೊಂಕನ್ನು ಗಮನಿಸಿ, ಮರ್ಯಾದೆ ಕೊಟ್ಟ ಹಾಗೂ ಆಯಿತು, ಚುಚ್ಚಿದ ಹಾಗೂ ಆಯಿತು.

ಉಣ್ಣುವುದರ ತಮ್ಮನ ಹಾಗೆ ಇನ್ನೊಂದು ಕ್ರಿಯಾಪದ ಇದೆ, 'ಅನುಭವಿಸು'. ಬರವಣಿಗೆಯಲ್ಲಿ ಸುಖವನ್ನೂ ಅನುಭವಿಸಬಹುದು, ಕಷ್ಟವನ್ನೂ ಅನುಭವಿಸಬಹುದು. ಮಾತಿನಲ್ಲಿ ಹಾಗಿಲ್ಲ. "ಅನುಭವಿಸ್ತಾನೆ ಬಿಡು" ಅಂತ ಮಂಡ್ಯದ ಹೆಂಗಸೊಬ್ಬಳು ಹೇಳಿದರೆ ಏನನ್ನು ಅಂತ ಕೇಳಬೇಕಾಗಿಲ್ಲ. ಯಾರು ಮಾಡಿದ್ದು, ಏನು ಮಾಡಿದ್ದು, ಯಾವಾಗ ಬರುತ್ತದೆ ಎಲ್ಲ ಆ ಒಂದು ಪದದಲ್ಲಿ ಮುಗಿಯಿತು. 'ಬಿಡು' ಅನ್ನುವುದು ಇನ್ನೂ ಜಾಸ್ತಿ ಭಯ ಹುಟ್ಟಿಸುತ್ತದೆ, ನಾವು ಕೈ ಹಾಕಬೇಕಾಗಿಲ್ಲ, ಅದು ತಾನಾಗಿಯೇ ಆಗುತ್ತದೆ ಅನ್ನುವ ಭರವಸೆ ಅದು.

ಆದರೆ ಬದುಕಿನಲ್ಲಿ ಯಾವಾಗಲೂ ಮಾಡಿದವನೇ ಉಣ್ಣುವುದಿಲ್ಲ ಅಂತ ಜನಕ್ಕೂ ಗೊತ್ತು. ಅದಕ್ಕೇ 'ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ' ಅನ್ನುವ ಗಾದೆ ಇರುವುದು. ಏನೂ ಮಾಡದೆ ಬರೆ ಬಿದ್ದಾಗ ಫಲ ಅನ್ನುವ ಪದ ಕೈಕೊಡುತ್ತದೆ. ಆಗ ಬರುವುದು ಗಾಚಾರ. 'ಗ್ರಹಚಾರ' ಸವೆದು ಸವೆದು ಆದ ಪದ. "ನಮ್ ಗಾಚಾರ ಕೆಟ್ಟಿತ್ತು" ಅಂದರೆ ತಪ್ಪು ನನ್ನದೂ ಅಲ್ಲ, ನಿನ್ನದೂ ಅಲ್ಲ, ಮೇಲೆ ಓಡಾಡುವ ಗ್ರಹಗಳದ್ದು. ಸೋತವನಿಗೆ ಸಮಾಧಾನ ಹೇಳಲು ಇದಕ್ಕಿಂತ ಒಳ್ಳೆಯ ಪದ ಸಿಗಲಿಕ್ಕಿಲ್ಲ. ಅದೇ ಪದ "ಗಾಚಾರ ಬಿಡಿಸ್ತೀನಿ" ಅಂತ ಬಂದಾಗ ಗ್ರಹದ ಕೆಲಸವನ್ನು ಎದುರಿಗಿರುವವನೇ ವಹಿಸಿಕೊಂಡಿದ್ದಾನೆ ಅಂತ ಅರ್ಥ, ಹುಷಾರಾಗಿರಬೇಕು. ಕರ್ಮದ ಗತಿಯೂ ಹೆಚ್ಚುಕಡಿಮೆ ಹೀಗೇ. ಮೂಲದಲ್ಲಿ ಕರ್ಮ ಅಂದರೆ ಕೆಲಸ. ಈಗ ಕರೆಂಟ್ ಹೋದರೆ "ಅಯ್ಯೋ ನಮ್ಮ ಕರ್ಮ". ಮಾಡುವುದಕ್ಕೆ ಇದ್ದ ಪದ ಅನುಭವಿಸುವುದಕ್ಕೆ ಜಾರಿತು.

ಶಾಪದ ವಿಷಯ ಇವೆಲ್ಲಕ್ಕಿಂತ ಬೇರೆ, ಅದಕ್ಕೆ ಮೈಸೂರಿನವರಿಗೆ ದೂರ ಹೋಗುವ ಅಗತ್ಯವಿಲ್ಲ, ಟಿ. ನರಸೀಪುರದ ಕಡೆ ಬಸ್ ಹತ್ತಿದರೆ ಸಾಕು. 1610ರಲ್ಲಿ ರಾಜ ಒಡೆಯರು ವಿಜಯನಗರದ ಪ್ರತಿನಿಧಿಯಿಂದ ಶ್ರೀರಂಗಪಟ್ಟಣವನ್ನು ತೆಗೆದುಕೊಂಡರು. ಇದು ಇತಿಹಾಸ. ಆ ಪ್ರತಿನಿಧಿಯ ಹೆಂಡತಿ ಅಲಮೇಲಮ್ಮನ ಬಳಿ ರಂಗನಾಯಕಿ ದೇವಿಗೆ ತೊಡಿಸುತ್ತಿದ್ದ ಒಡವೆಗಳಿದ್ದವು, ಅದನ್ನು ಕೇಳಿಕೊಂಡು ಅರಮನೆಯವರು ಬೆನ್ನುಹತ್ತಿದಾಗ ಅವಳು ಶಾಪ ಹಾಕಿ ಕಾವೇರಿಗೆ ಹಾರಿದಳು. ಇದು ಜನ ಹೇಳುವ ಕತೆ. ತಲಕಾಡು ಮರಳಾಗಲಿ, ಮಾಲಂಗಿ ಮಡುವಾಗಲಿ, ಮೈಸೂರು ದೊರೆಗಳಿಗೆ ಮಕ್ಕಳಾಗದೆ ಹೋಗಲಿ.

ಈ ಸಾಲಿನ ಕಟ್ಟಡ ನೋಡಿ. ಮೂರೂ ಕಡೆ ಕೊನೆಗೆ 'ಅಲಿ'. ಆಗಲಿ, ಹೋಗಲಿ. "ನೂರು ಕಾಲ ಬಾಳಲಿ" ಅಂತ ಹರಸುವಾಗಲೂ ಇದೇ 'ಅಲಿ'. ಕನ್ನಡದ ವ್ಯಾಕರಣಕ್ಕೆ ಹರಕೆಗೂ ಶಾಪಕ್ಕೂ ವ್ಯತ್ಯಾಸ ಗೊತ್ತಿಲ್ಲ, ಬಾಯಿಂದ ಹೊರಗೆ ಬಂದ ಬಯಕೆ ಅಷ್ಟೇ ಅದಕ್ಕೆ ಕಾಣುವುದು. ಇನ್ನೊಂದು ವಿಚಿತ್ರ, ತಪ್ಪು ಮಾಡಿದ್ದು ಅರಮನೆ, ಆದರೆ ಮೂರರಲ್ಲಿ ಎರಡು ಶಾಪ ಬಿದ್ದದ್ದು ಊರುಗಳ ಮೇಲೆ. ತಲಕಾಡಿನ ರೈತ ಏನು ಮಾಡಿದ್ದ? ಶಾಪಕ್ಕೂ ಒಂದು ಕ್ರಿಯಾಪದ ಇದೆ, 'ತಟ್ಟು'. ಶಾಪ ತಟ್ಟಿತು. ಅಡ್ಡ ಬಂದವರಿಗೂ ತಟ್ಟಬಹುದು. ಉಣ್ಣುವುದರಲ್ಲಿ ಇರುವ ನ್ಯಾಯ ತಟ್ಟುವುದರಲ್ಲಿ ಇಲ್ಲ.

ತಲಕಾಡಿನ ಮರಳಿಗೆ ಬೇರೆ ವಿವರಣೆಯೂ ಇದೆ. ಅಲ್ಲಿ ಕಾವೇರಿ ದೊಡ್ಡದಾಗಿ ತಿರುಗುತ್ತದೆ, ತಿರುವಿನಲ್ಲಿ ಮರಳು ಬೀಳುತ್ತದೆ, ನೀರು ಇಳಿದಾಗ ಒಣಗಿದ ಮರಳನ್ನು ಗಾಳಿ ಊರೊಳಗೆ ಹೊತ್ತು ತರುತ್ತದೆ. ಮೇಲೆ ನದಿಗೆ ಅಡ್ಡ ಕಟ್ಟಿದ ಮಾಧವಮಂತ್ರಿ ಕಟ್ಟೆಯಿಂದ ನೀರಿನ ಹರಿವು ಬದಲಾಗಿ ಮರಳು ಜಾಸ್ತಿಯಾಯಿತು ಅಂತ ವಾದಿಸಿದವರೂ ಇದ್ದಾರೆ. ಹೊಯ್ಸಳರ ಕಾಲದ ಕೀರ್ತಿನಾರಾಯಣ ದೇವಸ್ಥಾನವನ್ನು ಮರಳು ತೆಗೆದೇ ನೋಡಬೇಕಾಯಿತು. ಈ ವಿವರಣೆಗೆ ಒಪ್ಪುವ ಪದ ಯಾವುದು? ಪರಿಣಾಮ. ನದಿ, ಕಟ್ಟೆ, ಗಾಳಿ ಇವುಗಳಿಗೆ ಯಾರ ಮೇಲೂ ಸಿಟ್ಟಿಲ್ಲ. ಕತೆ ಹೇಳುವವರಿಗೆ ಮಾತ್ರ ಇಷ್ಟು ಸಾಕಾಗುವುದಿಲ್ಲ, ಅವರಿಗೆ ಒಬ್ಬ ಅಲಮೇಲಮ್ಮ ಬೇಕು, ಅದೂ ಸರಿಯೇ. ದೊರೆಗಳ ವಿಷಯದಲ್ಲಿ ಜನ ಕತೆಯನ್ನು ಸ್ವಲ್ಪ ತಿದ್ದಿಕೊಂಡೂ ಇದ್ದಾರೆ. ಮುಮ್ಮಡಿಯವರು ದತ್ತು ತೆಗೆದುಕೊಂಡ ಚಾಮರಾಜೇಂದ್ರ ಒಡೆಯರಿಗೆ ಮಕ್ಕಳಾದವು. ಹಾಗಾಗಿ ಶಾಪ ಒಂದು ತಲೆಮಾರು ಬಿಟ್ಟು ಒಂದು ತಲೆಮಾರಿಗೆ ಅಂತ ಹೇಳತೊಡಗಿದರು.

ನಮ್ಮ ಕಡೆಯ ಇನ್ನೊಂದು ಕಟ್ಟೆಯನ್ನು ತೆಗೆದುಕೊಂಡರೆ ಪರಿಣಾಮಕ್ಕೂ ಫಲಕ್ಕೂ ಇರುವ ವ್ಯತ್ಯಾಸ ಇನ್ನೂ ಸ್ಪಷ್ಟವಾಗುತ್ತದೆ. ಕನ್ನಂಬಾಡಿ ಕಟ್ಟೆಯ ಕೆಲಸ 1911ರಲ್ಲಿ ಶುರುವಾಯಿತು. ನಾಲೆ ಬಂತು, ಕಬ್ಬು ಬಂತು, 1933ರಲ್ಲಿ ಮಂಡ್ಯಕ್ಕೆ ಸಕ್ಕರೆ ಕಾರ್ಖಾನೆ ಬಂತು, 1939ರಲ್ಲಿ ಮಂಡ್ಯ ಬೇರೆ ಜಿಲ್ಲೆಯೇ ಆಯಿತು. "ಕಟ್ಟೆ ಕಟ್ಟಿದ್ದರ ಫಲವಾಗಿ ಮಂಡ್ಯ ಹಸಿರಾಯಿತು" ಅಂತ ಬರೆದರೆ ಕಿವಿಗೆ ಹಿತವಾಗಿದೆ, ದುಡಿದದ್ದಕ್ಕೆ ಸಿಕ್ಕಿತು ಅನ್ನುವ ಭಾವ ಅದರಲ್ಲಿದೆ. ಈಗ ಇದನ್ನು ಓದಿ: "ಕಟ್ಟೆ ಕಟ್ಟಿದ್ದರ ಫಲವಾಗಿ ಹಳೆಯ ಕನ್ನಂಬಾಡಿ ಮುಳುಗಿತು." ತಟ್ಟನೆ ಏನೋ ಚುಚ್ಚುತ್ತದೆ. ಮುಳುಗಿದ ಊರಿನವರು ಕಟ್ಟೆ ಕಟ್ಟಿಸಿದವರಲ್ಲ, ಅವರದ್ದಲ್ಲದ ಕೆಲಸದ ಫಲವನ್ನು ಅವರ ತಟ್ಟೆಗೆ ಬಡಿಸಿದ ಹಾಗಾಗುತ್ತದೆ. ಇಲ್ಲಿ 'ಪರಿಣಾಮವಾಗಿ' ಅನ್ನುವುದೇ ಸರಿ. ಅತಿಯಾಗಿ ನೀರು ನಿಂತು ಗದ್ದೆ ಜೌಗಾಗಿ, ಮಣ್ಣು ಚೌಳಾದ ಕಡೆಗೂ ಅದೇ ಪದ. ಅಲ್ಲಿ ನೀರು ಬಿಟ್ಟವನು ಮೇಲಿನವನು, ಜೌಗು ನಿಂತದ್ದು ಕೆಳಗಿನವನ ಗದ್ದೆಯಲ್ಲಿ.

ಬರೆಯುವವರಿಗೆ ಒಂದೆರಡು ಮಾತು ಹೇಳಬೇಕು ಅನಿಸುತ್ತದೆ, ಕೇಳದಿದ್ದರೂ ಪರವಾಗಿಲ್ಲ. ಪತ್ರಿಕೆಗಳಲ್ಲಿ ಈಗ ಎಲ್ಲದಕ್ಕೂ ಪರಿಣಾಮ ಹಚ್ಚುವ ಚಾಳಿ ಇದೆ. "ಚಾಲಕನ ನಿಯಂತ್ರಣ ತಪ್ಪಿದ ಪರಿಣಾಮ ಬಸ್ ಹಳ್ಳಕ್ಕೆ ಇಳಿದಿದೆ." "ಮಳೆ ಸುರಿದ ಪರಿಣಾಮ ರಸ್ತೆ ಕೆಸರಾಗಿದೆ." ಕನ್ನಡದಲ್ಲಿ ಈ ಕೆಲಸಕ್ಕೆ 'ಇಂದ' ಅಂತ ಪುಟ್ಟ ಪ್ರತ್ಯಯ ಇದೆಯಲ್ಲ, ಮಳೆಯಿಂದ ರಸ್ತೆ ಕೆಸರಾಯಿತು ಅಂದರೆ ಮುಗಿಯಿತು. ಪರಿಣಾಮವನ್ನು ನಿಧಾನವಾಗಿ ಆಗುವ, ಹರಡುವ ವಿಷಯಗಳಿಗೆ ಉಳಿಸಿಕೊಂಡರೆ ಪದಕ್ಕೂ ಬೆಲೆ ಇರುತ್ತದೆ. ನಾಲೆ ನೀರು ಒಂದು ಸೀಮೆಯ ಊಟವನ್ನೇ ಬದಲಿಸಿತು ಅನ್ನುವಾಗ ಅದು ಬೇಕು. ಬಸ್ ಹಳ್ಳಕ್ಕೆ ಇಳಿದದ್ದಕ್ಕೆ ಬೇಡ. ಔಷಧಿಯ 'ಅಡ್ಡಪರಿಣಾಮ' ಮಾತ್ರ ಒಳ್ಳೆಯ ಸೃಷ್ಟಿ, ಅಡ್ಡದಾರಿ ಹಿಡಿದದ್ದು ಅಂತ ಕೇಳಿದ ಕೂಡಲೇ ಗೊತ್ತಾಗುತ್ತದೆ.

'ವಿಪಾಕ'ವನ್ನು ಕತೆ ಕಾದಂಬರಿಗಳ ಹೆಸರಿಗೆ ಇಡುವವರು ಇನ್ನೂ ಇದ್ದಾರೆ, ಇರಲಿ, ಆದರೆ ದಿನಬಳಕೆಯಲ್ಲಿ ಅದು 'ವಿಧಿವಿಪಾಕ' ಅನ್ನುವ ಒಂದೇ ಜೋಡಿಯಲ್ಲಿ ಉಳಿದುಕೊಂಡಿದೆ, ಅದೂ ಸಾವಿನ ಸುದ್ದಿಯಲ್ಲಿ.

ಇನ್ನು ಪರೀಕ್ಷೆಯ ವಿಷಯ. ಹಿಂದಿಯವರು ರಿಸಲ್ಟಿಗೆ ಪರಿಣಾಮ ಅಂತಲೇ ಹೇಳುತ್ತಾರೆ. ನಾವು ಫಲಿತಾಂಶ ಅನ್ನುತ್ತೇವೆ, ಅದರೊಳಗೆ ಫಲ ಇದೆ, ಬರೆದವನಿಗೇ ಬರುತ್ತದೆ. ಹಿಂದಿಯಿಂದ ಕಣ್ಣುಮುಚ್ಚಿ ಅನುವಾದ ಮಾಡಿದ ಪ್ರಕಟಣೆಗಳಲ್ಲಿ ಆಗಾಗ ಈ ಎರಡೂ ಅದಲುಬದಲಾಗುವುದುಂಟು. "ಎಸ್ಸೆಸ್ಸೆಲ್ಸಿ ಪರಿಣಾಮ ಬಂತಂತೆ" ಅಂತ ನಮ್ಮ ಊರಿನ ಕಡೆ ಯಾರಿಗಾದರೂ ಫೋನು ಮಾಡಿ ಹೇಳಿ ನೋಡಿ, ಎಷ್ಟು ಮಾರ್ಕ್ಸು ಅಂತ ಕೇಳುವ ಬದಲು ಯಾರಿಗೆ ಏನಾಯಿತು ಅಂತ ಗಾಬರಿಯಾಗಿ ಮನೆಗೇ ಬಂದುಬಿಡುತ್ತಾರೆ.